ಸ್ಪ್ರಿಂಗ್ ರೇಟ್, ಪ್ರೀಲೋಡ್: ಕನ್ನಡದಲ್ಲಿ ಏನನ್ನೋಣ? (ತುರ್ತು)

ಉಡುಪಿಯಿಂದ:
ಇಲ್ಲಿನ ಒಂದು ಗ್ಯಾರೇಜಿಗೆ ಕರಪತ್ರ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ವಿಷಯ ಕಾಯಿಲೋವರ್, ಅಂದರೆ ಕಾರಿನ ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸಸ್ಪೆನ್ಷನ್. ಅದಕ್ಕೆ ಬೇರೆ ಸ್ಪ್ರಿಂಗ್ ಹಾಕುವಾಗ ಏನೇನು ನೋಡಬೇಕು ಅಂತ ಬರೆಯಬೇಕಿದೆ. ಒಳವ್ಯಾಸ, ಬಿಡಿ ಉದ್ದ ಆಯಿತು. ಸ್ಪ್ರಿಂಗ್ ರೇಟ್ (ಸ್ಪ್ರಿಂಗ್ ಕುಗ್ಗಿಸಲು ಎಷ್ಟು ಭಾರ ಬೇಕು ಎಂಬುದು) ಮತ್ತು ಪ್ರೀಲೋಡ್ (ಅದನ್ನು ಮೊದಲೇ ಎಷ್ಟು ಒತ್ತಿ ಕೂರಿಸಿದೆ ಎಂಬುದು) ಹತ್ತಿರ ನಿಂತಿದ್ದೇನೆ. ಹಳೆ ಕರಡಿನಲ್ಲಿ ‘ಸ್ಪ್ರಿಂಗ್ ದರ 8 ಕೆಜಿ’ ಎಂದಿದೆ. ಓದಿದವರು ಬೆಲೆ ಅಂದುಕೊಳ್ಳುತ್ತಾರೆ, ಅಲ್ವಾ? ‘ಗಡಸುತನ’ ಆದೀತಾ?

ಸುರತ್ಕಲ್‌ನಿಂದ:
ಗಡಸುತನ ಆಗದು. ಗಡಸು ಉಕ್ಕಿನ ಗುಣ, ಗೀರು ಬೀಳದಿರುವ ಗುಣ. ಅದೇ ಉಕ್ಕಿನಿಂದ ಮೆತ್ತನೆ ಸ್ಪ್ರಿಂಗೂ ಮಾಡಬಹುದು, ಬಿರುಸಿನದೂ ಮಾಡಬಹುದು. ತಂತಿಯ ದಪ್ಪ ಎರಡರಷ್ಟಾದರೆ ರೇಟ್ 16 ಪಟ್ಟು ಏರುತ್ತದೆ. ಸುರುಳಿಯ ಅಗಲ ಎರಡರಷ್ಟಾದರೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಸುತ್ತು ಹೆಚ್ಚಿದಷ್ಟೂ ಮೆತ್ತಗೆ. ಇದರಲ್ಲಿ ಗಡಸಿನ ಮಾತೇ ಇಲ್ಲ. ‘ಪೆಡಸು’ ಅನ್ನಿ. ಬಾಗದೆ, ಮಣಿಯದೆ ನಿಲ್ಲುವ ಗುಣಕ್ಕೆ ನಮ್ಮಲ್ಲೇ ಇರುವ ಪದ.

ಕದ್ರಿಯಿಂದ:
ಪೆಡಸು ಸರಿ. ಆದರೆ ಸ್ಪ್ರಿಂಗ್ ಯಾಕೆ ಉಳಿಯಬೇಕು? ಲಾರಿಯವರು ಕಮಾನು ಪಟ್ಟಿ ಅನ್ನುತ್ತಾರೆ. ‘ಸುರುಳಿ ಕಮಾನು’ ಅಂತ ಬರೆಯಿರಿ. ಇಂಗ್ಲಿಷ್ ಬೇಡವೇ ಬೇಡ.

ಸುರತ್ಕಲ್‌ನಿಂದ:
ಕಮಾನು ಕನ್ನಡವೇ ಅಲ್ಲ. ಪಾರಸಿಯ ಪದ, ಬಿಲ್ಲು ಅಂತಲೇ ಅರ್ಥ. ಇಂಗ್ಲಿಷ್ ಬೇಡ, ಪಾರಸಿ ಬೇಕು ಅನ್ನುವುದು ಯಾವ ನಿಯಮ? ಊರಲ್ಲಿ ಚಾವಿ, ಬಾಲ್ದಿ ಅಂತೇವೆ. ಎರಡೂ ಪೋರ್ಚುಗೀಸರಿಂದ ಬಂದವು. ಯಾರ ಕನ್ನಡವೂ ಕೆಟ್ಟಿಲ್ಲ. ಸ್ಪ್ರಿಂಗ್ ಕೂಡ ಹಾಗೆ ನಮ್ಮದಾಗಿದೆ. ಬೈಕಂಪಾಡಿಯ ಮೆಕ್ಯಾನಿಕ್‌ಗೆ ತಿಳಿಯದ ಪದ ಕರಪತ್ರದಲ್ಲಿ ಇರಬಾರದು.

ಕದ್ರಿಯಿಂದ:
ಕಮಾನು ಬಂದು ಶತಮಾನಗಳಾದವು. ಹಳೆಯ ಸಾಲ ಬೇರೆ, ಹೊಸ ಸಾಲ ಬೇರೆ. ನಿಮ್ಮ ವಾದ ಒಪ್ಪಲಾರೆ.

ಮಣಿಪಾಲದಿಂದ:
ಆ ಜಗಳ ಆಮೇಲೆ ಮಾಡಿ. ಕೇಳಿದವರಿಗೆ ನಾಳೆ ಸಂಜೆ ಗಡುವು. ಪ್ರೀಲೋಡ್‌ಗೆ ‘ಮುಂಭಾರ’ ಅನ್ನಬೇಡಿ. ಕಾರಿನ ಮುಂದಿನ ಭಾರ ಅಂತ ಓದುತ್ತಾರೆ. ‘ಮೊದಲ ಬಿಗಿ’ ಸಾಕು. ಕಾರಿನ ಭಾರ ಬೀಳುವ ಮುಂಚೆಯೇ ಸ್ಪ್ರಿಂಗನ್ನು ಎಷ್ಟು ಒತ್ತಿ ಕೂರಿಸಿದ್ದೇವೆ ಎಂಬ ಲೆಕ್ಕ ಅದು. ಬಿಗಿ ಜಾಸ್ತಿ ಮಾಡಿದರೆ ಸ್ಪ್ರಿಂಗ್ ಪೆಡಸಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಸಾಮಾನ್ಯ ಸ್ಪ್ರಿಂಗಿನಲ್ಲಿ, ಅಂದರೆ ಎಷ್ಟು ಕುಗ್ಗಿಸಿದರೂ ಪೆಡಸು ಒಂದೇ ಇರುವ ಸ್ಪ್ರಿಂಗಿನಲ್ಲಿ, ಹಾಗಾಗುವುದಿಲ್ಲ. ಅದಕ್ಕೇ ಎರಡು ಪದ ಬೇರೆ ಬೇರೆ ಇರಲೇಬೇಕು.

‘ಬಿಡಿ ಉದ್ದ’ವೂ ಬೇಡ. ಬಿಡಿ ಎಂದರೆ ಬಿಡಿಭಾಗದ ನೆನಪಾಗುತ್ತದೆ. ‘ಭಾರವಿಲ್ಲದ ಉದ್ದ’ ಎನ್ನಿ. ಅದು ತೀರಾ ಗಿಡ್ಡವಾದರೆ ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಸಡಿಲವಾಗಿ ಕಡಕಡ ಅನ್ನುತ್ತದೆ. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಇದು ಸಣ್ಣ ವಿಷಯವಲ್ಲ. ಸಡಿಲ ತಡೆಯಲು ಹೆಲ್ಪರ್ ಸ್ಪ್ರಿಂಗ್ ಹಾಕುತ್ತಾರೆ. ಆ ಹೆಸರು ಹಾಗೇ ಇರಲಿ.

ಅಳತೆ ಪೂರ್ತಿ ಬರೆಯಿರಿ. ಬರೀ 8 ಕೆಜಿ ಅಲ್ಲ, ‘ಮಿಲಿಮೀಟರಿಗೆ 8 ಕೆಜಿ’. ಅಂದರೆ ಒಂದು ಮಿಲಿಮೀಟರ್ ಕುಗ್ಗಿಸಲು 8 ಕೆಜಿ ಭಾರ ಬೇಕು. ಅಮೆರಿಕದ ಸ್ಪ್ರಿಂಗಿನ ಮೇಲೆ ಇಂಚಿಗೆ ಇಷ್ಟು ಪೌಂಡು ಅಂತಿರುತ್ತದೆ. ಮಿಲಿಮೀಟರಿಗೆ 1 ಕೆಜಿ ಎಂದರೆ ಇಂಚಿಗೆ ಸುಮಾರು 56 ಪೌಂಡು. ಒಳವ್ಯಾಸದಲ್ಲೂ ಹುಷಾರು. ಎರಡೂವರೆ ಇಂಚು ಎಂದರೆ 63.5 ಮಿಲಿಮೀಟರ್. ಅದನ್ನು 60ರ ಅಥವಾ 65ರ ಜಾಗಕ್ಕೆ ಸುಮ್ನೆ ಹಾಕುವಂತಿಲ್ಲ.

ಉಡುಪಿಯಿಂದ:
ತುಂಬಾ ಉಪಕಾರವಾಯಿತು. ಹೀಗೆ ಬರೆದಿದ್ದೇನೆ: ‘ಸ್ಪ್ರಿಂಗ್ ಪೆಡಸು: ಮಿಲಿಮೀಟರಿಗೆ 8 ಕೆಜಿ. ಮೊದಲ ಬಿಗಿ: 5 ಮಿಲಿಮೀಟರ್. ಪೆಡಸು ಜಾಸ್ತಿ ಇರುವ ಸ್ಪ್ರಿಂಗ್ ಹಾಕಿದರೆ ಶಾಕ್ ಅಬ್ಸಾರ್ಬರ್ ಅದಕ್ಕೆ ಹೊಂದುತ್ತದೆಯೇ ಎಂದು ಕೇಳಿ.’ ತಪ್ಪಿದ್ದರೆ ಬೆಳಿಗ್ಗೆಯೊಳಗೆ ಹೇಳಿ.

ಕದ್ರಿಯಿಂದ:
‘ಹೊಂದುತ್ತದೆಯೇ’ ಬದಲು ‘ತಾಳುತ್ತದೆಯೇ’ ಮಾಡಿ. ಸ್ಪ್ರಿಂಗ್ ಬಗ್ಗೆ ನನ್ನ ಆಕ್ಷೇಪ ಹಾಗೇ ಇದೆ.