‘ದಿ ಎಯ್ಟ್ ಹಂಡ್ರೆಡ್’ ಅಪ್ಪನ ಜೊತೆ ನೋಡಬಹುದಾ? ನೋಡಿದವರು ಹೇಳಿ

ಪ್ರಶ್ನೆ (ಹಾಸನ)

ನಮ್ಮಪ್ಪ ಸೇನೆಯಲ್ಲಿದ್ದು ನಿವೃತ್ತರಾದವರು. ಯುದ್ಧದ ಸಿನಿಮಾ ಅಂದರೆ ಊಟ ಬಿಟ್ಟು ಕೂರ್ತಾರೆ. ಚೀನಾದ ‘ದಿ ಎಯ್ಟ್ ಹಂಡ್ರೆಡ್’ (2020, ನಿರ್ದೇಶಕ ಗುವಾನ್ ಹು) ಚೆನ್ನಾಗಿದೆ ಅಂತ ಅವರ ಸ್ನೇಹಿತರು ಯಾರೋ ಹೇಳಿದ್ದಾರೆ, ಹಾಕಿಕೊಡು ಅಂತ ಒಂದೇ ಸಮ ಕೇಳ್ತಿದ್ದಾರೆ. ವಿಮರ್ಶೆ ಓದೋಣ ಅಂತ ಹೋದರೆ ಒಂದಕ್ಕೊಂದು ತಾಳೆಯೇ ಆಗ್ತಿಲ್ಲ. ಒಬ್ಬರು ಇದು ಬರೀ ದೇಶಭಕ್ತಿಯ ಪ್ರಚಾರ ಅಂತಾರೆ, ಇನ್ನೊಬ್ಬರು ಚೀನಾದಲ್ಲೇ ಇದನ್ನು ತಡೆಹಿಡಿದಿದ್ದರು ಅಂತಾರೆ. ಸಿನಿಮಾ ಹತ್ತಿರ ಹತ್ತಿರ ಎರಡೂವರೆ ಗಂಟೆ. ಅಮ್ಮನೂ ಜೊತೆಗಿರ್ತಾರೆ, ಅವರಿಗೆ ರಕ್ತ ಕಂಡರೆ ಆಗಲ್ಲ. ಚೀನಾದ ಇತಿಹಾಸ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ. ನೋಡಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಮೈಸೂರಿನಿಂದ

ಖಂಡಿತ ತೋರಿಸಿ. ಆದರೆ ಶುರು ಮಾಡೋ ಮೊದಲು ಹಿನ್ನೆಲೆ ಸ್ವಲ್ಪ ಹೇಳಿಬಿಡಿ. ಇಲ್ಲದಿದ್ದರೆ ಯಾರು ಯಾವ ಕಡೆಯವರು ಅನ್ನೋದು ತಿಳಿಯೋಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತೆ.

1937ರ ಆಗಸ್ಟ್‌ನಿಂದ ಶಾಂಘೈ ನಗರಕ್ಕಾಗಿ ಚೀನಾ ಮತ್ತು ಜಪಾನ್ ಸೇನೆಗಳ ನಡುವೆ ಘೋರ ಕಾಳಗ ನಡೆದಿತ್ತು. ಅಕ್ಟೋಬರ್ ಕೊನೆಯ ಹೊತ್ತಿಗೆ ಚೀನಾದ ಸೇನೆ ಹಿಂದೆ ಸರಿಯಬೇಕಾಯಿತು. ಆಗ 88ನೇ ಡಿವಿಷನ್ನಿನ 524ನೇ ರೆಜಿಮೆಂಟಿನ ಒಂದು ಬೆಟಾಲಿಯನ್ ಮಾತ್ರ ಸೂಜೌ ಹೊಳೆಯ ದಂಡೆಯಲ್ಲಿದ್ದ ಸಿಹಾಂಗ್ ಗೋದಾಮಿನಲ್ಲಿ ಉಳೀತು. ಬ್ಯಾಂಕುಗಳು ಕಟ್ಟಿಸಿದ ದಪ್ಪ ಗೋಡೆಯ ಕಾಂಕ್ರೀಟ್ ಕಟ್ಟಡ ಅದು. ಅವರ ನಾಯಕ ಶಿಯೆ ಜಿನ್‌ಯುವಾನ್. ಒಳಗಿದ್ದವರು ನಾನೂರ ಚಿಲ್ಲರೆ ಮಂದಿ, ಹೊರಗೆ ಹಬ್ಬಿಸಿದ್ದು ಎಂಟುನೂರು ಅಂತ. ಸಿನಿಮಾದ ಹೆಸರು ಬಂದಿದ್ದು ಅಲ್ಲಿಂದ. ಅಕ್ಟೋಬರ್ 26ರಿಂದ ನವೆಂಬರ್ 1ರವರೆಗೆ ಅವರು ಆ ಗೋದಾಮು ಬಿಟ್ಟುಕೊಡಲಿಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಹೊಳೆಯ ಆಚೆ ದಂಡೆ. ಅದು ಬ್ರಿಟಿಷರು, ಅಮೆರಿಕನ್ನರು ನಡೆಸುತ್ತಿದ್ದ ಅಂತಾರಾಷ್ಟ್ರೀಯ ವಸಾಹತು. ಜಪಾನಿಗೆ ಅವರ ಜೊತೆ ಇನ್ನೂ ಯುದ್ಧ ಇರಲಿಲ್ಲ, ಹಾಗಾಗಿ ಅಲ್ಲಿಗೆ ಶೆಲ್ ಹಾಕುವ ಹಾಗಿರಲಿಲ್ಲ. ಈಚೆ ದಂಡೆಯಲ್ಲಿ ಸುಟ್ಟ ಮನೆಗಳು, ಹೆಣಗಳು. ಆಚೆ ದಂಡೆಯಲ್ಲಿ ಬಣ್ಣದ ದೀಪ, ಜೂಜಿನ ಅಡ್ಡೆ, ನಾಟಕ, ವಿದೇಶಿ ಪತ್ರಕರ್ತರು. ನಡುವೆ ಕಿರಿದಾದ ಒಂದು ಹೊಳೆ, ಒಂದು ಸೇತುವೆ. ಕೊನೆಗೆ ಸೈನಿಕರು ಗೋದಾಮು ಬಿಟ್ಟು ವಸಾಹತು ಸೇರಿದ್ದು ಆ ಸೇತುವೆ ದಾಟಿಯೇ. ಜನ ಮಹಡಿ ಹತ್ತಿ, ದುರ್ಬೀನು ಹಿಡಿದು ಈ ಕಾಳಗವನ್ನು ನೋಡಿದ್ದು ಕಟ್ಟುಕಥೆ ಅಲ್ಲ, ನಿಜಕ್ಕೂ ಸಾವಿರಾರು ಜನ ನಿಂತು ನೋಡಿದ್ದರು.

ನನ್ನ ಮಟ್ಟಿಗೆ ಈ ಸಿನಿಮಾ ಇರೋದೇ ಆ ನೋಡುವವರ ಬಗ್ಗೆ. ಮೊದಲ ದಿನ ಅವರು ಬಯಲಾಟಕ್ಕೆ ಬಂದವರ ಹಾಗೆ ಜಾಗ ಹಿಡಿದು ನಿಂತಿರ್ತಾರೆ. ದಿನ ಕಳೆದ ಹಾಗೆ ಮುಖಗಳು ಬದಲಾಗ್ತಾ ಹೋಗ್ತವೆ. ಗೋದಾಮಿಗೆ ಟೆಲಿಫೋನ್ ತಂತಿ ಮುಟ್ಟಿಸಬೇಕಾದ ದೃಶ್ಯವೊಂದಿದೆ, ಅದನ್ನು ಗಮನವಿಟ್ಟು ನೋಡಿ. ಅಲ್ಲಿಯವರೆಗೆ ಪುಂಡನಾಗಿ ಓಡಾಡಿಕೊಂಡಿದ್ದ ಒಬ್ಬ ತಂತಿ ಹೊತ್ತು ಗುಂಡಿನ ಸುರಿಮಳೆಯಲ್ಲಿ ಸೇತುವೆ ಮೇಲೆ ಓಡ್ತಾನೆ. ಕ್ಯಾಮೆರಾ ಅವನ ಜೊತೆಗೂ ಓಡುತ್ತೆ, ಆಗಾಗ ಹಿಂದಿರುಗಿ ದಂಡೆಯಲ್ಲಿ ನಿಂತವರ ಮುಖವನ್ನೂ ತೋರಿಸುತ್ತೆ. ‘ಅಯ್ಯೋ’ ಅಂತ ನಾನೂ ಎದ್ದು ನಿಂತಿದ್ದೆ. ಆ ಮುಖಗಳ ಜೊತೆ ನಾನೂ ಒಂದು ಮುಖ ಆಗಿದ್ದೆ.

ಪೂರ್ತಿ ಐಮ್ಯಾಕ್ಸ್ ಕ್ಯಾಮೆರಾದಲ್ಲೇ ಚಿತ್ರೀಕರಿಸಿದ ಏಷ್ಯಾದ ಮೊದಲ ವಾಣಿಜ್ಯ ಚಿತ್ರ ಇದು. ಹೊಳೆಯ ಎರಡೂ ದಂಡೆಯನ್ನು ಸೆಟ್ ಹಾಕಿ ಕಟ್ಟಿದ್ದರು. ಮೊಬೈಲಿನಲ್ಲಿ ನೋಡಬೇಡಿ. ಮನೆಯಲ್ಲಿರೋ ದೊಡ್ಡ ಟಿವಿಯಲ್ಲೇ ಹಾಕಿ, ಸಬ್‌ಟೈಟಲ್ ಇಟ್ಟುಕೊಂಡು.

ಧಾರವಾಡದಿಂದ

ಸಿನಿಮಾ ದೊಡ್ಡದು ಅದ, ಇಲ್ಲ ಅನ್ನಂಗಿಲ್ಲ. ಆದ್ರ ಮೇಲಿನವ್ರು ಹೇಳಿದಷ್ಟು ಹೊಗಳಿಕಿ ನನಗ ಒಪ್ಪಿಗಿ ಇಲ್ರೀ. ಮಂದಿ ಭಾಳ ಆಗ್ಯಾರ. ಎಲ್ಲಾರ ಮುಖಕ್ಕೂ ಮಸಿ, ಎಲ್ಲಾರೂ ಒಂದ ಥರಾ ಕಾಣ್ತಾರ, ಯಾರು ಸತ್ರು ಯಾರು ಉಳದ್ರು ಗೊತ್ತ ಆಗೂದಿಲ್ಲ. ಹೊರದೇಶದ ವಿಮರ್ಶಕರು ಭಾಳ ಮಂದಿ ಇದನ್ನ ಬರದಾರ, ಅವ್ರು ಬರದದ್ದು ಖರೇನ ಅದ.

ಇನ್ನೊಂದು, ಮೈಗೆ ಬಾಂಬ್ ಕಟ್ಕೊಂಡು ಕೆಳಗ ಹಾರೂ ದೃಶ್ಯ. ಚೆನ್ ಶುಶೆಂಗ್ ಅನ್ನೋ ಸಿಪಾಯಿ ಹಂಗ ಹಾರಿದ್ದು ಆ ಯುದ್ಧದ ದಾಖಲೆದಾಗ ಅದ. ಸಿನಿಮಾದಾಗ ಒಬ್ಬರ ಹಿಂದ ಒಬ್ಬರು ಹೆಸರು ಹೇಳ್ಕೋತ ಹಾರ್ತಾರ, ಸಂಗೀತ ಎದ್ದು ನಿಲ್ತದ. ನೋಡೂ ಮುಂದ ಕಣ್ಣಾಗ ನೀರು ಬಂತು, ಅದನ್ನ ಮುಚ್ಚಿಡೂದಿಲ್ಲ. ಆದ್ರ ಆಮ್ಯಾಲೆ ಸಿಟ್ಟು ಬಂತು. ಒಬ್ಬನ ಸಾವಿಗೆ ಇರೂ ತೂಕ ಹತ್ತು ಸಾವು ತೋರ್ಸಿದ್ರ ಹೆಚ್ಚಾಗೂದಿಲ್ಲ. ಹೆಣ್ಣಮಕ್ಕಳ ಪಾತ್ರನೂ ಭಾಳ ತೆಳು ಅದ. ಗೋದಾಮಿನ ಸೈನಿಕರಿಗೆ ಬಾವುಟ ತಂದು ಕೊಟ್ಟ ಯಾಂಗ್ ಹುಯ್‌ಮಿನ್ ಖರೇ ಇದ್ದ ಹುಡುಗಿ, ಚೀನಾದಾಗ ಸಾಲಿ ಮಕ್ಕಳಿಗೂ ಗೊತ್ತಿದ್ದ ಹೆಸರು. ಆಕಿಗೆ ಇಲ್ಲಿ ಸಿಕ್ಕದ್ದು ಸ್ವಲ್ಪ ಹೊತ್ತು ಅಷ್ಟ.

ನಿಮ್ಮ ತಾಯಿಯವ್ರಿಗೆ ಮೊದಲ ಹೇಳಿ ಇಡ್ರಿ, ರಕ್ತ ಧಾರಾಳ ಅದ.

ಶಾಂಘೈನಿಂದ

ಕೆಲಸದ ಸಲುವಾಗಿ ಇಲ್ಲಿ ನೆಲೆಸಿದ್ದೇನೆ. ವಿಮರ್ಶೆಗಳು ಒಂದಕ್ಕೊಂದು ಯಾಕೆ ತಾಳೆ ಆಗಲ್ಲ ಅನ್ನೋದಕ್ಕೆ ಸ್ವಲ್ಪ ವಿವರ ಕೊಡಬಲ್ಲೆ.

ಗೋದಾಮಿನಲ್ಲಿ ಹೋರಾಡಿದವರು ಕಮ್ಯುನಿಸ್ಟ್ ಪಕ್ಷದ ಸೈನಿಕರಲ್ಲ. ಅವರದು ಚಿಯಾಂಗ್ ಕಾಯ್-ಶೆಕ್‌ನ ಕೊಮಿಂಟಾಂಗ್ ಸರ್ಕಾರದ ಸೇನೆ. ಮುಂದೆ 1949ರಲ್ಲಿ ಸೋತು ತೈವಾನ್ ಸೇರಿದ್ದು ಅದೇ ಸರ್ಕಾರ. ಎಲ್ಲ ಜಗಳದ ಬೇರು ಅಲ್ಲಿದೆ. 2019ರ ಜೂನ್‌ನಲ್ಲಿ ಶಾಂಘೈ ಚಿತ್ರೋತ್ಸವ ಈ ಸಿನಿಮಾದಿಂದಲೇ ಶುರುವಾಗಬೇಕಿತ್ತು. ಹಿಂದಿನ ದಿನ ‘ತಾಂತ್ರಿಕ ಕಾರಣ’ ಅಂತ ಹೇಳಿ ತೆಗೆದರು. ಅದಕ್ಕೆ ಸ್ವಲ್ಪ ದಿನ ಮೊದಲು ಪಕ್ಷದ ಹಳಬರು ಸೇರಿದ್ದ ಒಂದು ಸಂಘದ ಸಭೆಯಲ್ಲಿ, ಕೊಮಿಂಟಾಂಗ್ ಸೇನೆಯನ್ನು ಇಷ್ಟು ಮೆರೆಸೋದು ಸರಿಯಲ್ಲ ಅನ್ನೋ ಮಾತು ಜೋರಾಗಿ ಬಂದಿತ್ತು. ಜುಲೈ 5ರ ಬಿಡುಗಡೆಯೂ ನಿಂತುಹೋಯಿತು.

ಕೊನೆಗೆ ತೆರೆಗೆ ಬಂದದ್ದು 2020ರ ಆಗಸ್ಟ್ 21ಕ್ಕೆ. ಕೊರೊನಾದಿಂದ ಆರು ತಿಂಗಳು ಮುಚ್ಚಿದ್ದ ಚಿತ್ರಮಂದಿರಗಳು ಜುಲೈನಲ್ಲಷ್ಟೇ ಬಾಗಿಲು ತೆರೆದಿದ್ದವು. ಅರ್ಧ ಸೀಟು ಮಾತ್ರ ತುಂಬಬಹುದಿತ್ತು. ಆದರೂ ಸುಮಾರು 310 ಕೋಟಿ ಯುವಾನ್ ಗಳಿಸಿತು. ಅಷ್ಟು ತಿಂಗಳ ನಂತರ ಅಪರಿಚಿತರ ಜೊತೆ ಕತ್ತಲಲ್ಲಿ ಕೂತು ಅಳೋ ಅವಕಾಶ ಸಿಕ್ಕಿತ್ತು ಜನರಿಗೆ. ಯಶಸ್ಸಿನಲ್ಲಿ ಅದರ ಪಾಲೂ ದೊಡ್ಡದು ಅಂತ ನನ್ನ ನಂಬಿಕೆ.

ಇಲ್ಲಿಯ ಸಹೋದ್ಯೋಗಿಗಳಲ್ಲಿ ಒಮ್ಮತ ಇಲ್ಲ. ಶಾಂಘೈ ಮೂಲದ ಒಬ್ಬರಿಗೆ ಆಚೆ ದಂಡೆಯವರನ್ನು ಮೊದಮೊದಲು ಮೋಜು ನೋಡುವವರ ಹಾಗೆ ತೋರಿಸಿದ್ದು ನೋವು ತಂದಿದೆ. ನಮ್ಮ ಅಜ್ಜಿಯ ಕಾಲದವರು ರೊಟ್ಟಿ, ಬಟ್ಟೆ, ಔಷಧ ಕಳಿಸಿದ್ದರು, ಮೊದಲ ದಿನದಿಂದಲೇ ಕಳಿಸಿದ್ದರು ಅಂತ ಅವರ ವಾದ. ಹುಬೇ ಪ್ರಾಂತದ ಇನ್ನೊಬ್ಬರು ಮಾತ್ರ ತುಂಬಾ ಸಂತೋಷಪಟ್ಟರು. ಆ ಬೆಟಾಲಿಯನ್ನಿಗೆ ಬಂದ ಹೊಸ ಹುಡುಗರಲ್ಲಿ ಬಹಳ ಜನ ಹುಬೇಯವರು, ತೆರೆಯ ಮೇಲೆ ತಮ್ಮೂರಿನ ಮಾತು ಕೇಳಿ ಅವರಿಗೆ ಮೈ ಜುಮ್ಮೆಂದಿತ್ತಂತೆ.

ಬಾವುಟದ ವಿಷಯವನ್ನೂ ನಿಮ್ಮ ತಂದೆಗೆ ಹೇಳಿ. ಸೈನಿಕರು ಪ್ರಾಣ ಕೊಟ್ಟು ಎತ್ತಿ ಹಿಡಿಯೋ ಬಾವುಟ ಸಿನಿಮಾದಲ್ಲಿ ಒಮ್ಮೆಯೂ ಸ್ಪಷ್ಟವಾಗಿ ಕಾಣಲ್ಲ, ದೂರದಿಂದ, ಮಸುಕಾಗಿ ಮಾತ್ರ ಕಾಣುತ್ತೆ. ಯಾಕಂದರೆ ಅದು ಇವತ್ತು ತೈವಾನಿನಲ್ಲಿ ಹಾರುವ ಬಾವುಟ. ತೈವಾನಿನ ಕಡೆಯಿಂದ ಬಂದ ದೊಡ್ಡ ಆಕ್ಷೇಪ ಇದೇ, ಮತ್ತು ನನಗೆ ಅದು ನ್ಯಾಯವಾದ ಆಕ್ಷೇಪ ಅನ್ನಿಸುತ್ತೆ.

ಗೋದಾಮು ಈಗಲೂ ಇದೆ, 2015ರಲ್ಲಿ ಸ್ಮಾರಕ ಸಂಗ್ರಹಾಲಯವಾಗಿದೆ. ಪಶ್ಚಿಮದ ಗೋಡೆಯಲ್ಲಿ ಶೆಲ್ ಬಿದ್ದ ತೂತುಗಳನ್ನು ಹಳೆಯ ಫೋಟೋ ನೋಡಿ ಮತ್ತೆ ಕಾಣುವ ಹಾಗೆ ಮಾಡಿದ್ದಾರೆ. ಕೆಲವು ತೂತುಗಳ ಅಂಚಿನಲ್ಲಿ ಒಳಗಿನ ಇಟ್ಟಿಗೆ ಎದ್ದು ಕಾಣುತ್ತೆ. ಸಿನಿಮಾ ನೋಡಿದ ಮೇಲೆ ಅಲ್ಲಿಗೆ ಹೋದರೆ ಹೊಳೆ ಎಷ್ಟು ಕಿರಿದು ಅನ್ನೋದು ಮನಸ್ಸಿಗೆ ನಾಟುತ್ತೆ. ಆಚೆಯವರ ಕೂಗು ಈಚೆಯವರಿಗೆ ಕೇಳಿಸಿರಲೇಬೇಕು.

ಮಡಿಕೇರಿಯಿಂದ

ತಂಗಿ, ನಾನೂ ಸೇನೆಯಲ್ಲಿದ್ದವನು, ಅದಕ್ಕೇ ಬರೀತಿದ್ದೇನೆ. ನಿಮ್ಮ ತಂದೆಗೆ ಇಷ್ಟವಾಗೋದು ಹೇಡಿಗಳ ಕಥೆ. ಯುದ್ಧ ಬೇಡ ಅಂತ ಓಡಿಹೋಗಲು ನೋಡುವ ಹಳ್ಳಿ ಹುಡುಗರೇ ಇದರ ಮುಖ್ಯ ಪಾತ್ರಗಳು. ಕೈ ನಡುಗೋದು, ಬಂದೂಕು ಎತ್ತಲಾಗದೆ ಕೂರೋದು, ಪಕ್ಕದವನನ್ನು ನೋಡಿ ನಾಚಿ ಎದ್ದೇಳೋದು, ಇವೆಲ್ಲ ಸತ್ಯವಾಗಿ ಬಂದಿವೆ.

ಅವರಿಗೆ ಒಪ್ಪಿಗೆ ಆಗದೇ ಇರೋದು ಛಾವಣಿಯ ದೃಶ್ಯ. ಮೇಲಿಂದ ವಿಮಾನ ಗುಂಡು ಸುರಿಸ್ತಿರುವಾಗ ಬಾವುಟದ ಕಂಬ ಹಿಡಿದು ಗುಂಪಾಗಿ ನಿಲ್ಲೋದನ್ನು ಯಾವ ಕಮಾಂಡರೂ ಬಿಡಲ್ಲ. ಅಲ್ಲಿ ನಿರ್ದೇಶಕರು ಯುದ್ಧ ಬಿಟ್ಟು ಚಿತ್ರಪಟಕ್ಕೆ ಹೋದರು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ನವೆಂಬರ್ 3ರಿಂದ ಬ್ರಸೆಲ್ಸ್‌ನಲ್ಲಿ ದೊಡ್ಡ ದೇಶಗಳ ಸಭೆ ಇತ್ತು. ಚೀನಾ ಇನ್ನೂ ಹೋರಾಡ್ತಿದೆ ಅಂತ ಆ ದೇಶಗಳಿಗೆ ತೋರಿಸಬೇಕಿತ್ತು, ಅದಕ್ಕಾಗಿ ವಿದೇಶಿಗಳ ಕಣ್ಣೆದುರಿಗೇ ಇದ್ದ ಗೋದಾಮಿನಲ್ಲಿ ಇವರನ್ನು ಉಳಿಸಿದರು. ಮೇಲಿನಿಂದ ಬಂದ ಅಧಿಕಾರಿ ಶಿಯೆಗೆ ಇದನ್ನು ಹೇಳುವಾಗ ಅವನ ಮುಖ ನೋಡಿ. ಆಜ್ಞೆ ಪಾಲಿಸಿದವರಿಗೆ ಮಾತ್ರ ಗೊತ್ತಾಗುವ ಸಂಕಟ ಅದು. ಬರೀ ಪ್ರಚಾರ ಚಿತ್ರ ಆಗಿದ್ದರೆ ಈ ದೃಶ್ಯ ಇರ್ತಿರಲಿಲ್ಲ.

ಬೆಂಗಳೂರಿನಿಂದ

ರೇಟಿಂಗ್ ಬಗ್ಗೆ ಒಂದು ಎಚ್ಚರಿಕೆ. ಜನ ಸಿನಿಮಾಗಳಿಗೆ ಅಂಕ ಕೊಡುವ ಚೀನಾದ ಜಾಲತಾಣ ಡೌಬಾನ್‌ನಲ್ಲಿ ಇದಕ್ಕೆ ಹತ್ತಕ್ಕೆ ಏಳೂವರೆ ಆಸುಪಾಸು ಅಂಕ ಇದೆ, ಬೈದವರೂ ಮುಕ್ತವಾಗಿ ಬೈದಿದ್ದಾರೆ. ಎಲ್ಲ ಯುದ್ಧ ಚಿತ್ರಕ್ಕೂ ಆ ಭಾಗ್ಯ ಇಲ್ಲ. ಮರುವರ್ಷ, 2021ರಲ್ಲಿ, ಕೊರಿಯಾ ಯುದ್ಧದ ಮೇಲೆ ‘ದಿ ಬ್ಯಾಟಲ್ ಅಟ್ ಲೇಕ್ ಚಾಂಗ್‌ಜಿನ್’ ಬಂತು, ಗಳಿಕೆಯಲ್ಲಿ ಇದನ್ನೂ ಮೀರಿಸಿತು. ಚಳಿಯಲ್ಲಿ ಹೆಪ್ಪುಗಟ್ಟಿ ಸತ್ತ ಚೀನೀ ಸೈನಿಕರ ಬಗ್ಗೆ ಆ ಹೊತ್ತಿನಲ್ಲಿ ಲೇವಡಿಯ ಸಾಲು ಬರೆದ ಮಾಜಿ ತನಿಖಾ ಪತ್ರಕರ್ತರೊಬ್ಬರನ್ನು ಬಂಧಿಸಿ, 2022ರಲ್ಲಿ ಏಳು ತಿಂಗಳ ಜೈಲು ಶಿಕ್ಷೆ ಕೊಟ್ಟರು. ಸತ್ತವರನ್ನು ಲೇವಡಿ ಮಾಡೋದು ನನಗೂ ಹಿಡಿಸಲ್ಲ. ಆದರೆ ಒಂದು ಸಾಲಿಗೆ ಜೈಲು ಅಂತಾದರೆ ಉಳಿದವರು ಬರೆಯುವ ಹೊಗಳಿಕೆಯನ್ನು ನಂಬೋದು ಹೇಗೆ? ‘ದಿ ಎಯ್ಟ್ ಹಂಡ್ರೆಡ್’ ಬಗ್ಗೆ ಇಷ್ಟೊಂದು ಭಿನ್ನಾಭಿಪ್ರಾಯ ಕಾಣೋದನ್ನು ನಾನು ಅದರ ಪರವಾದ ಅಂಶ ಅಂತಲೇ ತಗೋತೀನಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಹಾಕ್ತೀನಿ. ಅಮ್ಮನಿಗೆ ಮೊದಲೇ ಹೇಳಿದ್ದೀನಿ, ಅಡುಗೆಮನೆಗೂ ಹಾಲಿಗೂ ಓಡಾಡ್ಕೊಂಡು ನೋಡ್ತಾರಂತೆ. ಒಂದೇ ಪ್ರಶ್ನೆ: ಸೇತುವೆ ದಾಟಿದ ಮೇಲೆ ಆ ಸೈನಿಕರಿಗೆ ಏನಾಯ್ತು? ಅಪ್ಪ ಕೇಳೇ ಕೇಳ್ತಾರೆ.

ಮೈಸೂರಿನಿಂದ

ಒಳ್ಳೇದು ಕೇಳಿದಿರಿ, ಸಿನಿಮಾ ಅದನ್ನು ಬೆಳೆಸಿ ಹೇಳಲ್ಲ. ವಸಾಹತಿನ ಆಡಳಿತ ಅವರ ಆಯುಧ ಕಿತ್ತುಕೊಂಡು ಒಂದು ಶಿಬಿರದಲ್ಲಿ ಕೂಡಿಹಾಕಿತು. ಶಿಯೆ ಅಲ್ಲೂ ಕವಾಯತು, ಶಿಸ್ತು ಬಿಡಲಿಲ್ಲ. 1941ರ ಏಪ್ರಿಲ್‌ನಲ್ಲಿ ಅವನ ಕೈಕೆಳಗಿನ ಕೆಲವರೇ ಅವನನ್ನು ಇರಿದು ಕೊಂದರು. ಅದೇ ಡಿಸೆಂಬರ್‌ನಲ್ಲಿ ಜಪಾನ್ ವಸಾಹತನ್ನೂ ವಶಪಡಿಸಿಕೊಂಡಿತು, ಉಳಿದ ಸೈನಿಕರು ಸೆರೆಯಾಳುಗಳಾದರು. ಅವರನ್ನು ಬೇರೆ ಬೇರೆ ಕಡೆ ಬಲವಂತದ ದುಡಿಮೆಗೆ ಅಟ್ಟಿದರು, ಕೆಲವರನ್ನು ದೂರದ ನ್ಯೂಗಿನಿ ಕಡೆಯ ರಬೌಲ್‌ವರೆಗೆ ಸಾಗಿಸಿದರು. ಬದುಕುಳಿದವರಲ್ಲಿ ಕೆಲವರು 1945ರಲ್ಲಿ ಯುದ್ಧ ಮುಗಿದ ಮೇಲೆ ಶಾಂಘೈಗೆ ಮರಳಿದರು.