ಹೂವಿನ ದಾರ ನುಂಗಿರುವ ಬೆಕ್ಕು: ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಕಾಯಬಹುದೇ?

ಪ್ರಶ್ನೆ (ಸರಸ್ವತಿಪುರಂ, ಮೈಸೂರು)

ನಮ್ಮ ಹೆಣ್ಣು ಬೆಕ್ಕು ನಿನ್ನೆಯಿಂದ ಏನನ್ನೂ ತಿಂದಿಲ್ಲ. ನೀರು ಕುಡಿದರೂ ವಾಂತಿ ಮಾಡಿಕೊಂಡು ಮಂಚದಡಿ ಸೇರುತ್ತಿದೆ. ಮೊನ್ನೆ ರಾತ್ರಿ ದೇವರ ಪಟಕ್ಕೆ ಮುಡಿಸಿದ್ದ ಮಲ್ಲಿಗೆ ಮಾಲೆಯನ್ನು ಅದು ಕೆಳಗೆಳೆದಿತ್ತು. ಹೂಗಳು ಸಿಕ್ಕವು, ಕಟ್ಟಿದ್ದ ದಾರ ಸಿಗಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವೆಂದು ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟು ಕಳುಹಿಸಿದ್ದಾರೆ. ಹರಳೆಣ್ಣೆ ಕುಡಿಸಿ ಕಾಯುವಂತೆ ಮನೆಯ ಹಿರಿಯರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ (ಪಶುವೈದ್ಯ, ಮಂಡ್ಯ)

ದಯವಿಟ್ಟು ಕಾಯಬೇಡಿ, ಹರಳೆಣ್ಣೆಯನ್ನಂತೂ ಕುಡಿಸಲೇಬೇಡಿ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಹೋದ ದಾರವನ್ನು ಅದು ಸುಲಭವಾಗಿ ಉಗುಳಲಾರದು. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಕೊನೆಗೋ ಸಿಕ್ಕಿಕೊಂಡು ಉಳಿದದ್ದು ಸಣ್ಣ ಕರುಳಿಗೆ ಇಳಿದರೆ, ಅದನ್ನು ಮುಂದಕ್ಕೆ ತಳ್ಳಲು ಹೆಣಗುವ ಕರುಳು ಲಾಡಿ ಬಿಗಿದ ಲಂಗದಂತೆ ನೆರಿಗೆಗಟ್ಟುತ್ತದೆ. ಬಿಗಿಯಾದ ದಾರ ಕರುಳಿನ ಗೋಡೆಯನ್ನು ಕೊಯ್ದು ತೂತು ಮಾಡಿದರೆ ಹೊಟ್ಟೆಯೊಳಗೆಲ್ಲ ಸೋಂಕು ಹರಡಿ ಪ್ರಾಣಕ್ಕೇ ಅಪಾಯ. ಭೇದಿಗೆ ಕೊಟ್ಟರೆ ಕರುಳಿನ ಸೆಳೆತ ಇನ್ನೂ ಹೆಚ್ಚುತ್ತದೆ.

ಹತ್ತಿಯ ದಾರ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಒತ್ತೊತ್ತಾಗಿ ಸೇರಿದ ಕರುಳು, ನೆರಿಗೆಗಳ ನಡುವೆ ಸಿಕ್ಕಿದ ಅಲ್ಪವಿರಾಮದ ಆಕಾರದ ಗಾಳಿಗುಳ್ಳೆಗಳು, ಇವು ಕಂಡರೆ ಅನುಮಾನಿಸಬೇಕು. ಆರಂಭದಲ್ಲಿ ಇವೂ ಇರದಿರಬಹುದು. ಇಂದೇ ಅಲ್ಟ್ರಾಸೌಂಡ್ ಮಾಡಿಸಿ, ನಾಲಿಗೆಯ ಅಡಿಯನ್ನು ಪರೀಕ್ಷಿಸಲು ಹೇಳಿ. ಬಾಯಲ್ಲಾಗಲಿ ಗುದದಲ್ಲಾಗಲಿ ದಾರದ ತುದಿ ಕಂಡರೆ ಎಳೆಯಬೇಡಿ.

ಉತ್ತರ (ಕುವೆಂಪುನಗರ, ಮೈಸೂರು)

ನಮ್ಮ ಬೆಕ್ಕಿಗೆ ನಾಲಿಗೆಯ ಬುಡದಲ್ಲಿದ್ದ ದಾರವನ್ನು ವೈದ್ಯರು ಕತ್ತರಿಸಿದ ಮೇಲೆ ಉಳಿದದ್ದು ಮಲದಲ್ಲಿ ಹೊರಬಂತು. ಎಲ್ಲಕ್ಕೂ ಶಸ್ತ್ರಚಿಕಿತ್ಸೆಯೇ ಬೇಕೆಂದಿಲ್ಲ.

ಉತ್ತರ (ಪಶುವೈದ್ಯ, ಮಂಡ್ಯ)

ಅದು ನಿಜ. ಆದರೆ ಬೇಗ ಪತ್ತೆಯಾಗಿ, ಜ್ವರವಾಗಲಿ ಹೊಟ್ಟೆನೋವಾಗಲಿ ಇಲ್ಲದ ಬೆಕ್ಕನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಮನಿಸುವಾಗ ಮಾತ್ರ ಆ ದಾರಿ ಹಿಡಿಯಬಹುದು. ನೀರೂ ನಿಲ್ಲದೆ ವಾಂತಿಯಾಗುತ್ತಿರುವ ಈ ಬೆಕ್ಕಿನ ವಿಷಯದಲ್ಲಿ ನಾನು ಆ ಧೈರ್ಯ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು

ಅಲ್ಟ್ರಾಸೌಂಡಿನಲ್ಲಿ ನೆರಿಗೆಗಟ್ಟಿದ ಕರುಳು ಸ್ಪಷ್ಟವಾಗಿ ಕಂಡಿದೆ. ಡ್ರಿಪ್ ಹಾಕಿ ಪೊಟ್ಯಾಸಿಯಂ ಸರಿಪಡಿಸುತ್ತಿದ್ದಾರೆ, ರಾತ್ರಿಯೇ ಶಸ್ತ್ರಚಿಕಿತ್ಸೆ. ಆಮೇಲೆ ಏನನ್ನು ಗಮನಿಸಬೇಕು?

ಉತ್ತರ (ಪಶುವೈದ್ಯ, ಮಂಡ್ಯ)

ಕರುಳನ್ನು ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಕಡೆ ಕೊಯ್ದು ದಾರ ತೆಗೆಯಬೇಕಾಗುತ್ತದೆ. ಸತ್ತ ಭಾಗವಿದ್ದರೆ ಅದನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುತ್ತಾರೆ. ಹೊಲಿಗೆ ಸೋರುವ ಸಂಭವ ಮೊದಲ 3ರಿಂದ 5 ದಿನಗಳಲ್ಲಿ ಹೆಚ್ಚು. ಆಗ ಮತ್ತೆ ವಾಂತಿ, ಜ್ವರ ಅಥವಾ ಮಂಕು ಕಂಡರೆ ರಾತ್ರಿಯಾಗಿದ್ದರೂ ಕರೆದೊಯ್ಯಿರಿ. ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿರುವುದರಿಂದ, ವೈದ್ಯರು ಒಪ್ಪಿದ ಕೂಡಲೇ ಮೆತ್ತನೆಯ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಬೇಡಿ. ಬೆಕ್ಕಿಗೆ ಅದು ವಿಷ.