ಅಪ್‌ಡೇಟ್: ಕೆಲಸ ಬಿಟ್ಟು ಎಂ.ಡೆಸ್ (ಡಿಸೈನ್‌ನಲ್ಲಿ ಮಾಸ್ಟರ್ಸ್) ಮಾಡ್ಲಾ ಅಂತ ಕೇಳಿದ್ದೆ

ಹೋದ ವರ್ಷ ಇಲ್ಲೇ ಕೇಳಿದ್ದೆ, ಆರು ವರ್ಷದಿಂದ ಪ್ಯಾಕೇಜಿಂಗ್ ಡಿಸೈನರ್, ಬರೀ ಪೌಚ್ ಮೇಲೆ ಚಿತ್ರ ಹಾಕಿ ಸಾಕಾಗಿದೆ, ಪರಿಸರಕ್ಕೆ ಉಪಯೋಗ ಆಗೋ ಕೆಲಸ ಬೇಕು, ಗುಜರಾತ್‌ನ ಗಾಂಧಿನಗರದಲ್ಲಿರೋ ಎನ್‌ಐಡಿನಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಸ್ಟ್ರಾಟೆಜಿಕ್ ಡಿಸೈನ್ ಮ್ಯಾನೇಜ್‌ಮೆಂಟ್ ಓದ್ಲಾ ಅಂತ. ತುಂಬಾ ಜನ ಮೊದ್ಲು ಇರೋ ಕೆಲಸದಲ್ಲೇ ಒಂದು ಪ್ರಾಜೆಕ್ಟ್ ಹಿಡಿ ಅಂದ್ರಿ. ಹಿಡಿದೆ.

ನಮ್ಮ ಮಸಾಲೆ ಪೌಚಲ್ಲಿ ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಾಲಿಥೀನ್ ಮೂರೂ ಒಂದಕ್ಕೊಂದು ಅಂಟ್ಕೊಂಡಿರುತ್ತೆ, ಬಿಡಿಸೋದು ತುಂಬಾ ಕಷ್ಟ, ಅದಕ್ಕೇ ಗುಜರಿಯವ್ರೂ ತಗೊಳಲ್ಲ. ಒಂದೇ ಥರದ ಪ್ಲಾಸ್ಟಿಕ್‌ಗೆ ಬದಲಾಯ್ಸೋಣ, ಭೂಮಿಗೆ ಒಳ್ಳೇದು ಅಂತ ಹೇಳಿದಾಗ ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಆಮೇಲೆ 2022ರ ಇಪಿಆರ್ (ಎಕ್ಸ್‌ಟೆಂಡೆಡ್ ಪ್ರೊಡ್ಯೂಸರ್ ರೆಸ್ಪಾನ್ಸಿಬಿಲಿಟಿ) ನಿಯಮ ಕೂತು ಓದ್ದೆ, ಪ್ಯಾಕಿಂಗ್ ಪ್ಲಾಸ್ಟಿಕ್ ಮರುಬಳಕೆ ಮಾಡ್ಸೋ ಜವಾಬ್ದಾರಿ ಬ್ರ್ಯಾಂಡ್‌ನವ್ರದ್ದೇ, ಪದರ ಪದರದ್ದಕ್ಕೆ ಬೇರೆ ಕ್ಯಾಟಗರಿನೇ ಇದೆ, ಮುಂದೆ ಎಷ್ಟು ಖರ್ಚು ಬೀಳುತ್ತೆ ಅಂತ ಫೈನಾನ್ಸ್‌ನವ್ರ ಜೊತೆ ಕೂತು ಎಕ್ಸೆಲ್ ಮಾಡಿ ತೋರಿಸ್ದೆ, ಆಗ ಮೀಟಿಂಗ್ ಕರೆದ್ರು! ನನಗೆ ಡಿಸೈನ್ ಸ್ಟ್ರಾಟೆಜಿ ಅಂದ್ರೇನು, ಅಂದ್ರೆ ಡಿಸೈನನ್ನ ಕಂಪನಿ ಲೆಕ್ಕಾಚಾರಕ್ಕೆ ಜೋಡಿಸೋದು ಅಂತ ಅರ್ಥ ಆಗಿದ್ದು ಆವತ್ತೇ.

ಧನಿಯಾ ಪುಡಿಗೆ ಹೊಸ ಪೌಚ್ ಓಕೆ ಆಯ್ತು. ಕಾಫಿ ಪುಡಿಗೆ ಆಗ್ಲಿಲ್ಲ, ಘಮ ಹೋಗ್ಬಿಡುತ್ತೆ, ಬೇಜಾರಾಯ್ತು.

ಎಂ.ಡೆಸ್ ಆಸೆ ಬಿಟ್ಟಿಲ್ಲ, ಈ ಸಲ ಅಪ್ಲೈ ಮಾಡ್ತೀನಿ, ಪೋರ್ಟ್‌ಫೋಲಿಯೋದಲ್ಲಿ ಮೊದಲ ಪುಟ ಈ ಪೌಚೇ. ಅವತ್ತು ಟೈಮ್ ತಗೊಂಡು ಉತ್ತರ ಬರೆದವ್ರಿಗೆಲ್ಲ ಮನಸಾರೆ ಥ್ಯಾಂಕ್ಸ್.